ಒಂದೇ ಗೂಡು, ಹಲವು ತಂದೆಯರು

ಹೊಸದಾಗಿ ಕೂಡಿಸಿದ ಜೇನುಪೆಟ್ಟಿಗೆಯಲ್ಲಿ ಬಣ್ಣ, ಗಾತ್ರ ಬೇರೆಬೇರೆಯಾದ ನೊಣಗಳು ಕಂಡರೆ ಗಾಬರಿ ಬೇಡ. ಬಹುಪಾಲು ಸಲ ಅದು ಗೂಡಿನ ಆರೋಗ್ಯದ ಗುರುತು. ಊರ ಸುತ್ತಲ ಪೊಟರೆ, ಹುತ್ತಗಳಲ್ಲಿ ಇನ್ನೂ ಎಷ್ಟು ಜೇನು ಉಳಿದಿದೆ ಎಂಬುದರ ಲೆಕ್ಕವೂ ಅದರಲ್ಲೇ ಇದೆ.

ಮಳೆಗಾಲ ಮುಗಿದು ಬಿಸಿಲು ಹದಕ್ಕೆ ಬಂದ ಮೇಲೆ ಮಲೆನಾಡು, ಕರಾವಳಿ, ಕೊಡಗಿನ ಊರುಗಳಲ್ಲಿ ತುಡುವೆ ಜೇನು ಪಾಲಾಗಲು ತೊಡಗುತ್ತದೆ. ತುಂಬಿದ ಗೂಡಿನ ಒಂದು ಭಾಗ ರಾಣಿಯೊಂದಿಗೆ ಹೊರಬಿದ್ದು, ಹತ್ತಿರದ ಕೊಂಬೆಯಲ್ಲಿ ಗೊಂಚಲುಗಟ್ಟಿ ಕೂರುತ್ತದೆ. ಜೇನು ಸಾಕುವ ಆಸೆಯಿದ್ದವರು ಹಿಂಡನ್ನು ಪೆಟ್ಟಿಗೆಗೆ ಇಳಿಸಿಕೊಳ್ಳುವುದು ಈ ದಿನಗಳಲ್ಲೇ. ಮೊದಮೊದಲು ಹಿಂಡು ಹಾರಿಹೋಗದೆ ನಿಂತರೆ ಸಾಕು ಎಂಬ ಒಂದೇ ಯೋಚನೆ. ಎರಿ ಇಳಿಯಿತು, ಪರಾಗ ಬರತೊಡಗಿತು ಎಂದು ಖಾತ್ರಿಯಾದ ಮೇಲೆ ಕಣ್ಣು ಒಂದೊಂದು ನೊಣದ ಮೇಲೂ ನಿಲ್ಲುತ್ತದೆ. ಹೊಸ ಕಳವಳ ಹುಟ್ಟುವುದೂ ಆಗಲೇ.

ತಂದ ದಿನ ಎಲ್ಲವೂ ಒಂದೇ ಥರ ಕಂಡಿದ್ದವು. ಈಗ ಮುಚ್ಚಳ ತೆಗೆದರೆ ಕೆಲವಕ್ಕೆ ಎದ್ದುಕಾಣುವ ಹಳದಿ ಪಟ್ಟೆ, ಕೆಲವು ಮಸಿಬಣ್ಣ. ಕೆಲವು ಮೈತುಂಬ ಬೂದು ರೋಮ ಹೊತ್ತು ಮೆಲ್ಲನೆ ನಡೆಯುತ್ತವೆ, ಕೆಲವಕ್ಕೆ ರೋಮವೇ ಇಲ್ಲದೆ ಬೆನ್ನು ಹೊಳೆಯುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ದಪ್ಪ ಮೈಯ, ದೊಡ್ಡ ಕಣ್ಣಿನ ಕರಿ ನೊಣ. ಬೇರೆ ಜಾತಿಯ ಜೇನು ಒಳಸೇರಿಕೊಂಡಿತೆ? ಕಳ್ಳರು ನುಗ್ಗಿದರೆ? ರೋಗ ಬಂತೆ? ರಾಣಿಯೇ ಬದಲಾದಳೆ? ಜೇನು ಸಾಕಲು ಶುರುಮಾಡಿದವರೆಲ್ಲ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆಗಳಿವು. ಉತ್ತರ ತಿಳಿದರೆ ಗೂಡನ್ನು ನೋಡುವ ರೀತಿಯೇ ಬದಲಾಗುತ್ತದೆ.

ಮೊದಲ ಮೂರು ವಾರ

ಪೆಟ್ಟಿಗೆಗೆ ಬಂದ ಹಿಂಡಿನಲ್ಲಿರುವ ಒಂದು ನೊಣವೂ ಆ ಪೆಟ್ಟಿಗೆಯಲ್ಲಿ ಹುಟ್ಟಿದ್ದಲ್ಲ. ಎಲ್ಲವೂ ಹಳೆಯ ಗೂಡಿನಿಂದ ಬಂದವು. ತುಡುವೆಯ ಕೆಲಸಗಾರ ನೊಣ ಮೊಟ್ಟೆಯಾಗಿ ಸುಮಾರು ಮೂರು ದಿನ, ಹುಳುವಾಗಿ ನಾಲ್ಕೈದು ದಿನ, ಮುಚ್ಚಿದ ಕಣದೊಳಗೆ ಹನ್ನೊಂದು ಹನ್ನೆರಡು ದಿನ ಕಳೆಯುತ್ತದೆ. ಎರಿ ಕಟ್ಟಿ ರಾಣಿ ಮೊಟ್ಟೆಯಿಡಲು ತಗಲುವ ದಿನಗಳನ್ನೂ ಸೇರಿಸಿದರೆ, ಹೊಸ ಮನೆಯಲ್ಲಿ ಹುಟ್ಟಿದ ಮೊದಲ ನೊಣ ಹೊರಬರುವ ಹೊತ್ತಿಗೆ ಮೂರು ವಾರ ದಾಟಿರುತ್ತದೆ. ಅಷ್ಟು ದಿನ ಗೂಡಿಗೆ ಹೊಸ ಸೇರ್ಪಡೆಯಿಲ್ಲ. ಬಂದವೇ ದಿನದಿನಕ್ಕೆ ಮುದಿಯಾಗುತ್ತ, ಕಡಿಮೆಯಾಗುತ್ತ ಹೋಗುತ್ತವೆ.

ಆಮೇಲೆ ಚಿತ್ರ ಬೇಗ ಬದಲಾಗುತ್ತದೆ. ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣ ಐದಾರು ವಾರಕ್ಕಿಂತ ಹೆಚ್ಚು ಬದುಕುವುದಿಲ್ಲ. ಆದ್ದರಿಂದ ಹಿಂಡು ತಂದ ಎರಡು ತಿಂಗಳೊಳಗೆ ಪೆಟ್ಟಿಗೆಯಲ್ಲಿ ಹಳೆಯ ಮುಖ ಒಂದೂ ಇರುವುದಿಲ್ಲ. ಪೆಟ್ಟಿಗೆ ಅದೇ, ಹೆಸರಿಗೆ ಕುಟುಂಬವೂ ಅದೇ; ಒಳಗಿನ ಜನವೆಲ್ಲ ಹೊಸಬರು. ಈ ಬದಲಾವಣೆ ಅರ್ಧ ದಾರಿಯಲ್ಲಿರುವಾಗ ಮುಚ್ಚಳ ತೆಗೆದವರಿಗೆ ಎರಡು ಬಗೆಯ ನೊಣಗಳು ಒಟ್ಟಿಗೆ ಕಾಣುವುದು ಸಹಜ.

ಬಂದ ಹಿಂಡು ಯಾವ ರಾಣಿಯದು ಎಂಬುದೂ ಇಲ್ಲಿ ಮುಖ್ಯ. ಗೂಡಿನಿಂದ ಮೊದಲು ಹೊರಡುವ ಹಿಂಡಿನ ಜೊತೆ ಹಳೆಯ ರಾಣಿಯೇ ಹೋಗುತ್ತಾಳೆ. ಹಾಗಿದ್ದರೆ ಪೆಟ್ಟಿಗೆಗೆ ಬಂದ ನೊಣಗಳೂ ಮುಂದೆ ಹುಟ್ಟುವವೂ ಅವಳ ಮಕ್ಕಳೇ. ಅದರ ಹಿಂದೆ ಹೊರಡುವ ಎರಡನೆಯ, ಮೂರನೆಯ ಹಿಂಡಿನಲ್ಲಿ ಇನ್ನೂ ಗಂಡಿನೊಡನೆ ಕೂಡದ ಎಳೆಯ ರಾಣಿ ಇರುತ್ತಾಳೆ. ಅವಳ ಜೊತೆ ಬಂದವರು ಅವಳ ಅಕ್ಕತಂಗಿಯರು. ಅವಳು ಹೊರಗೆ ಹಾರಿ, ಗಂಡುಗಳೊಡನೆ ಕೂಡಿ ಬಂದು ಮೊಟ್ಟೆಯಿಟ್ಟ ಮೇಲೆ ಹುಟ್ಟುವವರು ಅವಳ ಮಕ್ಕಳು. ಆ ಮಕ್ಕಳ ತಂದೆಯರು ಊರಿನ ಬೇರೆಬೇರೆ ಗೂಡುಗಳವರು. ಚಿಕ್ಕಮ್ಮಂದಿರಿಗೂ ಮಕ್ಕಳಿಗೂ ಬಣ್ಣ ಹೊಂದದಿದ್ದರೆ ಅಚ್ಚರಿಯಿಲ್ಲ.

ವಯಸ್ಸು ಬರೆಯುವ ಬಣ್ಣ

ತಂದೆ ತಾಯಿ ಒಬ್ಬರೇ ಆದ ನೊಣಗಳೂ ಒಂದೇ ಥರ ಕಾಣಬೇಕಿಲ್ಲ. ಕಣ ಕಡಿದು ಆಗತಾನೇ ಹೊರಬಂದ ನೊಣದ ಮೈ ಮೆತ್ತಗೆ, ಬಣ್ಣ ಮಾಸಲು ಬೂದು. ರೋಮ ಒತ್ತೊತ್ತಾಗಿ ಎದ್ದಿರುತ್ತದೆ. ಅದಕ್ಕೆ ಹಾರಲು ಬಾರದು, ಚುಚ್ಚಲೂ ಆಗದು. ಮೈಯ ಹೊರಕವಚ ಗಟ್ಟಿಯಾಗುತ್ತ ಹೋದ ಹಾಗೆ ಬಣ್ಣ ನಿಜರೂಪಕ್ಕೆ ಬರುತ್ತದೆ. ಹೊಸ ಪೆಟ್ಟಿಗೆಯಲ್ಲಿ ಮೂರು ವಾರ ಹಳೆಯ ನೊಣಗಳನ್ನೇ ನೋಡಿದ ಕಣ್ಣಿಗೆ ಈ ಬೂದುಮೈಯ ಮರಿಗಳು ಬೇರೆಯೇ ಜಾತಿಯಂತೆ ಕಾಣುತ್ತವೆ.

ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯ ಗುಸ್ತಾವ್ ರೋಶ್ 1925ರಲ್ಲಿ ನೊಣಗಳಿಗೆ ಬಣ್ಣದ ಗುರುತು ಹಚ್ಚಿ, ವಯಸ್ಸು ಹೆಚ್ಚಿದಂತೆ ಅವುಗಳ ಕೆಲಸ ಬದಲಾಗುವುದನ್ನು ತೋರಿಸಿದರು. ಹುಟ್ಟಿದ ಹೊಸತರಲ್ಲಿ ಕಣ ಶುಚಿ ಮಾಡುವುದು, ಆಮೇಲೆ ಮರಿಹುಳುಗಳಿಗೆ ಉಣಿಸುವುದು, ಮೇಣ ಕಟ್ಟುವುದು, ಮಕರಂದ ಹದಮಾಡುವುದು, ಬಾಗಿಲು ಕಾಯುವುದು, ಕೊನೆಗೆ ಹೊರಗಿನ ದುಡಿಮೆ. ಈ ಕೊನೆಯ ಹಂತದಲ್ಲಿ ನೊಣದ ರೂಪ ಮತ್ತೆ ಬದಲಾಗುತ್ತದೆ. ಸಾವಿರಾರು ಹೂಗಳಲ್ಲಿ ನುಸುಳಿ ಬೆನ್ನಿನ ರೋಮ ಉದುರಿ, ಒಳಗಿನ ಕಪ್ಪು ಕವಚ ಹೊಳೆಯತೊಡಗುತ್ತದೆ. ರೆಕ್ಕೆಯ ಅಂಚು ಹರಿದಿರುತ್ತದೆ. ಹೊಳೆಯುವ ಕರಿ ನೊಣ ದಿನವಿಡೀ ಪರಾಗದ ಉಂಡೆ ಹೊತ್ತು ಬರುತ್ತಿದ್ದರೆ ಅದು ರೋಗಿಯಲ್ಲ, ದುಡಿದು ಸವೆದ ಹಿರಿಯಳು.

ಹುಟ್ಟಿದ ಸ್ಥಿತಿಗೂ ಬಣ್ಣ ಗಾತ್ರಗಳ ಮೇಲೆ ಹಿಡಿತವಿದೆ. ಮರಿಗಳಿರುವ ಎರಿಯನ್ನು ಗೂಡು 33ರಿಂದ 36 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಪಾಡುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ನೊಣ ಕಡಿಮೆಯಿರುವ ಚಿಕ್ಕ ಹಿಂಡಿನಲ್ಲಿ, ಎರಿಯ ಅಂಚಿನ ಕಣಗಳಿಗೆ ಅಷ್ಟು ಬಿಸಿ ತಲುಪುವುದಿಲ್ಲ. ತಂಪಿನಲ್ಲಿ ಬೆಳೆದ ನೊಣ ತುಸು ಕಪ್ಪಾಗಿ ಹುಟ್ಟುತ್ತದೆ. ಬಹಳ ಸಲ ಮರಿ ಬೆಳೆದ ಹಳೆಯ ಕಪ್ಪು ಎರಿಯಲ್ಲಿ ಕಣದ ಒಳಗೋಡೆ ದಪ್ಪವಾಗಿ ಜಾಗ ಕಿರಿದಾಗುವುದರಿಂದ ನೊಣವೂ ಚಿಕ್ಕದಾಗುತ್ತದೆ. ಹೊಸ ಪೆಟ್ಟಿಗೆಯ ಬಿಳಿ ಎರಿಯಲ್ಲಿ ಹುಟ್ಟಿದವು ತಾಯಿಗೂಡಿನಿಂದ ಬಂದವಕ್ಕಿಂತ ಒಂದು ಕೂದಲೆಳೆ ದೊಡ್ಡದಾಗಿ ಕಾಣಲು ಇದೂ ಕಾರಣ.

ಇನ್ನೊಂದು ಬಣ್ಣ ಹೂವಿನದು. ಕರ್ಣಕುಂಡಲದ ಬಳಗದ ಹೂಗಳಲ್ಲಿ ಪರಾಗಕೋಶ ಹೂವಿನ ಬಾಯಿಯ ಮೇಲ್ಭಾಗದಲ್ಲಿ ಇರುತ್ತದೆ. ಒಳನುಗ್ಗುವ ನೊಣದ ಬೆನ್ನಿಗೆ ಅದು ಪರಾಗ ಬಳಿಯುತ್ತದೆ. ಬ್ರಿಟನ್ನಿನಲ್ಲಿ ಹಿಮಾಲಯದ ಕರ್ಣಕುಂಡಲ ಹೂಬಿಟ್ಟಾಗ ಜೇನುನೊಣಗಳು ಬೆಳ್ಳಗಾಗಿ ಗೂಡಿಗೆ ಮರಳುವುದು ಅಲ್ಲಿನ ಸಾಕಣೆದಾರರಿಗೆ ಚಿರಪರಿಚಿತ. ಅದೇ ಬಳಗದ ಹತ್ತಾರು ಜಾತಿಗಳು ಮಳೆಗಾಲದ ಪಶ್ಚಿಮಘಟ್ಟದಲ್ಲಿವೆ. ಬೆನ್ನಿಗೆ ಬಿಳಿ ಪಟ್ಟೆ ಹೊತ್ತ ನೊಣ ಕಂಡರೆ ಹೆದರುವ ಮುನ್ನ ಸುತ್ತ ಏನು ಅರಳಿದೆ ಎಂದು ನೋಡಬೇಕು.

ದಪ್ಪ ಮೈಯ ಗಂಡುಗಳು

ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಗಾಬರಿಗೊಳಿಸುವುದು ಗಂಡುನೊಣ. ಕೆಲಸಗಾರ ನೊಣಕ್ಕಿಂತ ದಪ್ಪ ಮೈ, ಕಪ್ಪು ಬಣ್ಣ, ಮೊಂಡಾದ ಹಿಂಭಾಗ, ನೆತ್ತಿಯಲ್ಲಿ ಒಂದಕ್ಕೊಂದು ತಾಗುವಷ್ಟು ದೊಡ್ಡ ಕಣ್ಣುಗಳು. ಹಾರುವಾಗಿನ ಮೊರೆತವೂ ಬೇರೆ. ಅದಕ್ಕೆ ಕೊಂಡಿಯಿಲ್ಲ, ಕೈಯಲ್ಲಿ ಹಿಡಿದರೂ ಏನೂ ಮಾಡದು. ತುಡುವೆಯ ಗಂಡುಮರಿ ಬೆಳೆಯುವ ಕಣದ ಮುಚ್ಚಳ ಉಬ್ಬಿರುತ್ತದೆ. ಮೇಲಿನ ಮೇಣವನ್ನು ಕೆಲಸಗಾರ ನೊಣಗಳು ತೆಗೆದ ಮೇಲೆ ನಡುವೆ ಒಂದು ಸೂಕ್ಷ್ಮ ರಂಧ್ರ ಕಾಣುತ್ತದೆ. ಎರಿಯಲ್ಲಿ ಈ ಗುರುತಿದ್ದರೆ ದಪ್ಪ ನೊಣಗಳು ಎಲ್ಲಿಂದ ಬಂದವೆಂದು ಹುಡುಕಬೇಕಿಲ್ಲ.

ಗಂಡುನೊಣದ ಹುಟ್ಟು ಇನ್ನೂ ವಿಶೇಷ. ರಾಣಿ ವೀರ್ಯ ಸೋಕಿಸದೆ ಇಟ್ಟ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಅದಕ್ಕೆ ತಾಯಿಯುಂಟು, ತಂದೆಯಿಲ್ಲ. ಈಗ ಪೋಲೆಂಡಿಗೆ ಸೇರಿದ ಸೈಲೀಸಿಯಾದ ಪಾದ್ರಿ ಯೋಹಾನ್ ಜಿಯರ್ಜೋನ್ ಇದನ್ನು 1845ರಲ್ಲೇ ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. ಅವರಿಗೆ ನೆರವಾದದ್ದು ನೊಣಗಳ ಬಣ್ಣವೇ. 1853ರಲ್ಲಿ ಹಳದಿ ಮೈಯ ಇಟಾಲಿಯನ್ ಜೇನು ತರಿಸಿಕೊಂಡು ತಮ್ಮೂರಿನ ಕರಿ ಜೇನಿನೊಡನೆ ಸಾಕಿದರು. ಅಚ್ಚ ಹಳದಿ ರಾಣಿ ಕರಿ ಗಂಡಿನೊಡನೆ ಕೂಡಿದರೂ ಅವಳ ಗಂಡುಮಕ್ಕಳೆಲ್ಲ ಹಳದಿ. ಮಿಶ್ರ ತಳಿಯ ರಾಣಿಯ ಗಂಡುಮಕ್ಕಳಲ್ಲಿ ಅರ್ಧದಷ್ಟು ಹಳದಿ, ಅರ್ಧದಷ್ಟು ಕಪ್ಪು. ಒಂದು ಗೂಡಿನೊಳಗಿನ ಬಣ್ಣಭೇದವನ್ನು ತಾಳ್ಮೆಯಿಂದ ನೋಡಿದ್ದರಿಂದ ವಂಶವಾಹಿ ವಿಜ್ಞಾನದ ಮೊದಲ ಸುಳಿವುಗಳಲ್ಲೊಂದು ಸಿಕ್ಕಿತು.

ಗಂಡುಗಳು ಇದ್ದರೆ ಒಳ್ಳೆಯದೆ? ಹಿತಮಿತವಾಗಿದ್ದರೆ ಒಳ್ಳೆಯದೇ; ಗೂಡು ತುಂಬಿದೆ, ಮೇವು ಸಾಕಷ್ಟಿದೆ ಎಂದರ್ಥ. ಹೊಸ ಪೆಟ್ಟಿಗೆಯಲ್ಲಿ ಹುಟ್ಟುವವೆಲ್ಲ ಗಂಡುಗಳೇ ಆದರೆ ಮಾತ್ರ ಎಚ್ಚರಗೊಳ್ಳಬೇಕು. ಎಳೆಯ ರಾಣಿ ಗಂಡಿನೊಡನೆ ಕೂಡಲಾಗದೆ ಉಳಿದಳೆಂಬುದು ಅದರ ಒಂದು ಅರ್ಥ. ಹಿಂಡು ಹಾರಿಹೋದೀತೆಂದು ಬಾಗಿಲಿಗೆ ಹಾಕಿದ ರಾಣಿಗೇಟನ್ನು ವಾರಗಟ್ಟಲೆ ತೆಗೆಯದೆ ಬಿಟ್ಟರೆ ಹೀಗಾಗುತ್ತದೆ. ಎರಡನೆಯ ಹಿಂಡಿನ ಕನ್ಯೆ ರಾಣಿ ಆ ಕಿಂಡಿಯಿಂದ ಹೊರಗೆ ಹೋಗಲಾರಳು. ಇನ್ನೊಂದು ಕಾರಣವೂ ಇರಬಹುದು: ರಾಣಿಯೇ ಇಲ್ಲದ ಗೂಡಿನಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ. ತುಡುವೆಯಲ್ಲಿ ಇದು ಬಹುಬೇಗ ನಡೆಯುತ್ತದೆ. ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆ, ಚಿಕ್ಕ ಕಣಗಳಲ್ಲಿ ಬೆಳೆದ ಕುಳ್ಳ ಗಂಡುಗಳು ಅದರ ಗುರುತು. ಅಂಥ ಗೂಡಿಗೆ ಮೊಟ್ಟೆ, ಎಳೆಹುಳುಗಳಿರುವ ಎರಿಯನ್ನೋ ಒಳ್ಳೆಯ ರಾಣಿಯನ್ನೋ ಒದಗಿಸಬೇಕು, ಇಲ್ಲವೆ ಅದನ್ನು ಬೇರೊಂದು ಕುಟುಂಬಕ್ಕೆ ಸೇರಿಸಬೇಕು.

ಹಳದಿಯೂ ಕಪ್ಪೂ ಅಕ್ಕತಂಗಿಯರು

ವಯಸ್ಸು, ಲಿಂಗ ಎರಡನ್ನೂ ಬದಿಗಿಟ್ಟ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ. ಒಂದೇ ವಯಸ್ಸಿನ ಕೆಲಸಗಾರ ನೊಣಗಳಲ್ಲಿ ಕೆಲವು ಹಳದಿ, ಕೆಲವು ಕಪ್ಪು. ಇದರ ಕಾರಣ ರಾಣಿಯ ಮದುವೆಯ ಹಾರಾಟದಲ್ಲಿದೆ.

ಎಳೆಯ ರಾಣಿ ಗೂಡಿನೊಳಗೆ ಎಂದೂ ಕೂಡುವುದಿಲ್ಲ. ಹೊರಗೆ ಹಾರಿ, ಸುತ್ತಮುತ್ತಲ ಗೂಡುಗಳ ಗಂಡುಗಳು ಸೇರುವ ಜಾಗದಲ್ಲಿ, ಗಾಳಿಯಲ್ಲೇ ಹತ್ತಕ್ಕೂ ಹೆಚ್ಚು ಗಂಡುಗಳೊಡನೆ ಕೂಡುತ್ತಾಳೆ. ಅಷ್ಟೂ ಗಂಡುಗಳ ವೀರ್ಯ ಅವಳ ಮೈಯಲ್ಲಿ ಬದುಕಿಡೀ ಉಳಿದು ಬೆರೆತು ಬಳಕೆಯಾಗುತ್ತದೆ. ಆದ್ದರಿಂದ ಒಂದು ಗೂಡಿನ ಸಾವಿರಾರು ಹೆಣ್ಣುಗಳಿಗೆ ತಾಯಿ ಒಬ್ಬಳೇ, ತಂದೆಯರು ಹಲವರು. ತಂದೆ ಒಬ್ಬನೇ ಆದವರು ತಮ್ಮತಮ್ಮಲ್ಲಿ ಬಹಳ ಹೋಲುತ್ತಾರೆ, ಬೇರೆ ತಂದೆಯ ಮಕ್ಕಳಿಂದ ಬೇರೆಯಾಗಿ ಕಾಣುತ್ತಾರೆ. ಹಳದಿಯವೂ ಕಪ್ಪಿನವೂ ಒಂದೇ ಎರಿಯಲ್ಲಿ ಜಗಳವಿಲ್ಲದೆ ನಡೆದಾಡುವುದು ಇದಕ್ಕೇ. ಬಾಗಿಲ ಕಾವಲಿನವರು ಗುರುತು ಹಿಡಿಯುವುದು ಮೈಯ ವಾಸನೆಯಿಂದ. ಒಂದೇ ಮೇಣ, ಒಂದೇ ಆಹಾರ, ಒಂದೇ ಗೂಡಿನ ಗಾಳಿ ಹಂಚಿಕೊಂಡವರಿಗೆಲ್ಲ ಅದೇ ವಾಸನೆ. ಬಣ್ಣಕ್ಕೆ ಅಲ್ಲಿ ಬೆಲೆಯಿಲ್ಲ.

ಹೆಜ್ಜೇನು ಅಥವಾ ಕಡ್ಡಿಜೇನಿನ ಜೊತೆ ಬೆರಕೆಯಾಗಿರಬಹುದೆ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. 1976ರಲ್ಲಿ ಪ್ರಕಟವಾದ ಶ್ರೀಲಂಕಾದ ಅಧ್ಯಯನವೊಂದು ಮೂರು ಜೇನುಗಳ ಗಂಡುಗಳೂ ಬೇರೆಬೇರೆ ಹೊತ್ತಿನಲ್ಲಿ ಹಾರುವುದನ್ನು ದಾಖಲಿಸಿತು. ಕಡ್ಡಿಜೇನಿನವು ಮಧ್ಯಾಹ್ನದ ಹೊತ್ತಿಗೆ, ತುಡುವೆಯವು ಸಂಜೆ ನಾಲ್ಕೂಕಾಲರಿಂದ ಐದೂಕಾಲರ ನಡುವೆ, ಹೆಜ್ಜೇನಿನವು ಸೂರ್ಯ ಮುಳುಗುವ ವೇಳೆಗೆ. ಜಾತಿಗಳು ದೂರ ಉಳಿಯಲು ಈ ಹೊತ್ತಿನ ಹಂಚಿಕೆಯೂ ನೆರವಾಗುತ್ತದೆ. ಮೇಲಾಗಿ ಹೆಜ್ಜೇನು, ಕಡ್ಡಿಜೇನುಗಳು ಬಯಲಿನಲ್ಲಿ ಒಂದೇ ಎರಿ ಕಟ್ಟುವವು. ಪೆಟ್ಟಿಗೆಯ ಕತ್ತಲಲ್ಲಿ ಅವು ನಿಲ್ಲುವುದಿಲ್ಲ.

ಕರಿ ತುಡುವೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಯಲಿನ ತುಡುವೆ ಚಿಕ್ಕದು, ಹಳದಿ ಹೆಚ್ಚು. ಬೆಟ್ಟದ ತುಡುವೆ ದೊಡ್ಡದು, ಕಪ್ಪು ಹೆಚ್ಚು ಎಂಬುದು ಸಾಕಣೆದಾರರ ಹಳೆಯ ಅನುಭವ. ಈ ಬಳಗದ ಜೇನಿಗೆ ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರೀಶಿಯಸ್ 1793ರಲ್ಲಿ ಏಪಿಸ್ ಸೆರಾನ, 1798ರಲ್ಲಿ ಏಪಿಸ್ ಇಂಡಿಕಾ ಎಂಬ ಹೆಸರು ಕೊಟ್ಟರು. 2022ರಲ್ಲಿ ಕೇರಳದ ಸಂಶೋಧಕರು ಪಶ್ಚಿಮಘಟ್ಟದ ಕರಿ ಜೇನು ಬೇರೆಯೇ ಪ್ರಭೇದವೆಂದು ಹೇಳಿ ಅದಕ್ಕೆ ಏಪಿಸ್ ಕರಿಂಜೋಡಿಯನ್ ಎಂದು ಹೆಸರಿಟ್ಟರು. ಅವರು ಗುರುತಿಸಿದ ನೆಲೆಯಲ್ಲಿ ಕರ್ನಾಟಕವೂ ಸೇರಿದೆ. ಪ್ರತ್ಯೇಕ ಪ್ರಭೇದವೋ ತುಡುವೆಯದೇ ಒಂದು ಬಗೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಸಾಕುವವರು ಒಂದೆರಡು ಕರಿ ನೊಣ ಕಂಡು ಜಾತಿ ನಿರ್ಧರಿಸಬಾರದು ಎಂಬುದಂತೂ ಇದರಿಂದ ಸ್ಪಷ್ಟ.

ವೈವಿಧ್ಯ ಏನು ಕೊಡುತ್ತದೆ

ಇಷ್ಟೊಂದು ಗಂಡುಗಳೊಡನೆ ಕೂಡಲು ರಾಣಿ ಗೂಡುಬಿಟ್ಟು ಹೊರಗೆ ಅಲೆಯಬೇಕು. ಹಕ್ಕಿಯ ಬಾಯಿಗೆ ಬಿದ್ದರೆ ಇಡೀ ಗೂಡೇ ಮುಳುಗುತ್ತದೆ. ಒಂದು ಗಂಡಿನ ವೀರ್ಯವೇ ಸಾಕಾಗುವುದಿದ್ದರೆ ಇಂಥ ಅಪಾಯ ಏಕೆ?

ಉತ್ತರ ಹುಡುಕಿದವರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹೆದರ್ ಮಟಿಲಾ ಮತ್ತು ಥಾಮಸ್ ಸೀಲಿ ಮುಖ್ಯರು. ಅವರು ಯುರೋಪಿಯನ್ ಜೇನಿನ ಕೆಲವು ರಾಣಿಯರಿಗೆ ಒಂದೇ ಗಂಡಿನ ವೀರ್ಯ, ಕೆಲವರಿಗೆ 15 ಗಂಡುಗಳ ವೀರ್ಯ ಕೊಟ್ಟು, ಅವರ ಗೂಡುಗಳಿಂದ ಹೊಸ ಹಿಂಡು ಮಾಡಿ ಬಿಟ್ಟರು. 2007ರಲ್ಲಿ ಪ್ರಕಟವಾದ ಫಲಿತಾಂಶ ಹೊಸ ಪೆಟ್ಟಿಗೆಯವರೆಲ್ಲ ತಿಳಿಯಬೇಕಾದದ್ದು. ಹಲವು ತಂದೆಯರ ಹಿಂಡುಗಳು ಬೇಗ ಎರಿ ಕಟ್ಟಿದವು, ಹೆಚ್ಚು ಮೇವು ತಂದವು, ಹೆಚ್ಚು ಆಹಾರ ಕೂಡಿಟ್ಟವು, ಹೆಚ್ಚು ಗಂಡುಗಳನ್ನು ಬೆಳೆಸಿದವು. ಚಳಿಗಾಲವನ್ನು ದಾಟುವುದರಲ್ಲೂ ಅವೇ ಮುಂದಿದ್ದವು. ಹೊಸ ಗೂಡು ಕಟ್ಟುವ ಕಷ್ಟಕಾಲದಲ್ಲೇ ಈ ವ್ಯತ್ಯಾಸ ಎದ್ದು ಕಂಡಿತು.

ಬಿಸಿ ಕಾಪಾಡುವುದರಲ್ಲೂ ಹೀಗೆಯೇ. ಗೂಡು ಬಿಸಿಯೇರಿದಾಗ ನೊಣಗಳು ರೆಕ್ಕೆ ಬೀಸಿ ತಣಿಸುತ್ತವೆ. ಎಷ್ಟು ಬಿಸಿಗೆ ಬೀಸಲು ತೊಡಗಬೇಕು ಎಂಬುದು ಒಬ್ಬೊಬ್ಬ ತಂದೆಯ ಮಕ್ಕಳಲ್ಲಿ ಒಂದೊಂದು ಬಗೆ. ಕೆಲವರು ಬೇಗ, ಕೆಲವರು ತಡವಾಗಿ ತೊಡಗುವುದರಿಂದ ಬಿಸಿ ಹಂತಹಂತವಾಗಿ ಇಳಿದು ಸಮಸ್ಥಿತಿಯಲ್ಲಿ ನಿಲ್ಲುತ್ತದೆ. ಒಂದೇ ತಂದೆಯ ಮಕ್ಕಳಾದರೆ ಎಲ್ಲರೂ ಒಮ್ಮೆಗೇ ಶುರು, ಒಮ್ಮೆಗೇ ನಿಲುಗಡೆ. ರೋಗದ ಮಾತೂ ಅಷ್ಟೆ. ಗದ್ದೆಯಲ್ಲಿ ಒಂದೇ ತಳಿ ಬಿತ್ತಿದವನಿಗೆ ಬೆಂಕಿರೋಗ ಬಂದರೆ ಇಡೀ ಬೆಳೆ ಹೋಗುತ್ತದೆ, ನಾಲ್ಕು ತಳಿಯಿದ್ದರೆ ಒಂದಾದರೂ ಉಳಿಯುತ್ತದೆ. ಗೂಡಿಗೂ ಹಲವು ತಂದೆಯರು ಅದೇ ರಕ್ಷೆ.

ವೈವಿಧ್ಯ ಕಳೆದುಕೊಂಡರೆ ಆಗುವ ನಷ್ಟ ಎರಿಯಲ್ಲಿ ಕಣ್ಣಿಗೇ ಕಾಣುತ್ತದೆ. ರಾಣಿ ತನ್ನದೇ ಸಹೋದರರಂಥ ಗಂಡುಗಳೊಡನೆ ಕೂಡಿದರೆ, ಹೆಣ್ಣಾಗಬೇಕಿದ್ದ ಮೊಟ್ಟೆಗಳಲ್ಲಿ ಒಂದು ಪಾಲು ಗೂಡಿಗೆ ಒದಗದ ಗಂಡುಗಳಾಗುತ್ತವೆ. ಅವು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ನೊಣಗಳು ತಿಂದುಹಾಕುತ್ತವೆ ಎಂಬುದನ್ನು ಪೋಲೆಂಡಿನ ಯೆರ್ಜಿ ವೊಯ್ಕೆ 1963ರಲ್ಲಿ ತೋರಿಸಿದರು. ಮುಚ್ಚಿದ ಮರಿಕಣಗಳ ನಡುವೆ ಅಲ್ಲಲ್ಲಿ ಖಾಲಿ ಕಣ ಉಳಿದು ಎರಿ ಚದುರಿದಂತಿದ್ದರೆ, ನೊಣ ಏರದೆ ಗೂಡು ಸೊರಗುತ್ತಿದ್ದರೆ ಇದೂ ಒಂದು ಕಾರಣವಿರಬಹುದು.

ನಿಜವಾಗಿ ಎಚ್ಚರವಾಗಬೇಕಾದಾಗ

ಎಲ್ಲ ಬೇರೆ ರೂಪವೂ ನಿರುಪದ್ರವಿ ಎಂದಲ್ಲ. ಆದರೆ ಅಪಾಯವನ್ನು ಬಣ್ಣದಿಂದಲ್ಲ, ನಡತೆಯಿಂದ ಹಿಡಿಯಬೇಕು.

ಮೊದಲನೆಯದು ಕಳ್ಳತನ. ಕಪ್ಪು ಮೈಯ ಕಳ್ಳ ನೊಣಗಳ ಪ್ರಸ್ತಾಪ ಅರಿಸ್ಟಾಟಲನ ಬರಹದಲ್ಲೇ ಇದೆ. ಇನ್ನೊಂದು ಗೂಡಿನ ಜೇನು ದೋಚಲು ಬರುವ ನೊಣಗಳು ಕಿಂಡಿಗಳಲ್ಲಿ ನುಸುಳಿ, ಕಾದಾಡಿ ರೋಮ ಕಳೆದುಕೊಂಡು ಹೊಳೆಯುತ್ತಿರುತ್ತವೆ. ಅವು ಬಾಗಿಲ ಮುಂದೆ ಅತ್ತಿತ್ತ ತೂರಾಡುತ್ತವೆ, ನೇರವಾಗಿ ಇಳಿಯುವುದಿಲ್ಲ. ಕಾಲಲ್ಲಿ ಪರಾಗವಿರುವುದಿಲ್ಲ. ಅಡಿಮಣೆಯ ಮೇಲೆ ಜೋಡಿ ನೊಣಗಳು ಕಚ್ಚಾಡಿ ಉರುಳುತ್ತವೆ. ಹೂವಿಲ್ಲದ ಮಳೆಗಾಲದಲ್ಲಿ, ಸಕ್ಕರೆ ಪಾಕ ಚೆಲ್ಲಿದ ಕಡೆಯಲ್ಲಿ, ದುರ್ಬಲವಾದ ಹೊಸ ಹಿಂಡಿಗೆ ಇದು ಪ್ರಾಣಕ್ಕೇ ಬರುವ ಸಂಗತಿ. ಬಾಗಿಲನ್ನು ಒಂದೆರಡು ನೊಣ ಹಾಯುವಷ್ಟು ಕಿರಿದು ಮಾಡಬೇಕು, ಪೆಟ್ಟಿಗೆಯ ಬಿರುಕು ಮುಚ್ಚಬೇಕು, ಪಾಕವನ್ನು ಕತ್ತಲಾದ ಮೇಲೆ ಒಳಗೇ ಇಡಬೇಕು.

ಹತ್ತಿರದಲ್ಲಿ ಯಾರಾದರೂ ಯುರೋಪಿಯನ್ ಜೇನು ಇಟ್ಟಿದ್ದರೆ ಅವೂ ಬರಬಹುದು. 1960ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿದ ಈ ಜೇನು ಆಮೇಲೆ ನಮ್ಮ ಬಯಲುಸೀಮೆಗೂ ಬಂದಿದೆ. ತುಡುವೆಗಿಂತ ದೊಡ್ಡ ಮೈ. ಗುರುತಿಸಲು ಒಂದು ಚೆಂದದ ಉಪಾಯವಿದೆ: ಬಾಗಿಲಲ್ಲಿ ರೆಕ್ಕೆ ಬೀಸುವಾಗ ತುಡುವೆ ಹೊರಗೆ ಮುಖಮಾಡಿ ನಿಲ್ಲುತ್ತದೆ, ಯುರೋಪಿಯನ್ ಜೇನು ಒಳಗೆ ಮುಖಮಾಡಿ ನಿಲ್ಲುತ್ತದೆ. ಇನ್ನು, ಸಾಲಾಗಿ ಒತ್ತೊತ್ತಿಗೆ ಪೆಟ್ಟಿಗೆ ಇಟ್ಟ ಕಡೆ ದಾರಿತಪ್ಪಿ ಪಕ್ಕದ ಗೂಡಿಗೆ ಸೇರುವ ನೊಣಗಳೂ ಇರುತ್ತವೆ. ಹೊಟ್ಟೆತುಂಬ ಮಕರಂದ ಹೊತ್ತು ಬಂದವಳನ್ನು ಕಾವಲಿನವರು ತಡೆಯುವುದು ಕಡಿಮೆ.

ಎರಡನೆಯದು ಕಾಯಿಲೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಜಿನೀವಾದ ಕುರುಡು ವಿಜ್ಞಾನಿ ಫ್ರಾನ್ಸ್ವಾ ಹ್ಯೂಬರ್, ರೋಮವಿಲ್ಲದ ಕಪ್ಪು ನೊಣಗಳನ್ನು ಗೂಡಿನವರೇ ಹೊರದಬ್ಬುವುದನ್ನು ವರ್ಣಿಸಿದ್ದಾರೆ. ಯುರೋಪಿಯನ್ ಜೇನಿನಲ್ಲಿ ಒಂದು ಪಾರ್ಶ್ವವಾಯು ವೈರಸ್ ಇಂಥದೇ ಲಕ್ಷಣ ತರುತ್ತದೆಂದು ಈಗ ಗೊತ್ತಿದೆ. ಹೊಳೆಯುವ ಕರಿ ನೊಣ ನಡುಗುತ್ತಿದ್ದರೆ, ಹಾರಲಾರದೆ ತೆವಳುತ್ತಿದ್ದರೆ, ತನ್ನವರೇ ಅದನ್ನು ಎಳೆದು ಹಾಕುತ್ತಿದ್ದರೆ ಸಂಶಯಪಡಬೇಕು. ಮುದುಡಿದ ರೆಕ್ಕೆಯ ಎಳೆನೊಣಗಳು ಕಂಡರೆ ನುಸಿಯ ಬಾಧೆಯನ್ನೂ ಪರೀಕ್ಷಿಸಬೇಕು.

ಆದರೆ ನಮ್ಮ ತುಡುವೆಗೆ ಬಂದ ದೊಡ್ಡ ಪಿಡುಗು ಪ್ರಾಯದ ನೊಣಗಳ ರೂಪದಲ್ಲಿ ಏನನ್ನೂ ತೋರಿಸಲಿಲ್ಲ. 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡ ಥಾಯ್ ಸ್ಯಾಕ್‌ಬ್ರೂಡ್ ರೋಗ 1991-92ರ ಹೊತ್ತಿಗೆ ಕರ್ನಾಟಕಕ್ಕೂ ಕೇರಳಕ್ಕೂ ತಲುಪಿ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಬರಿದು ಮಾಡಿತು. ಆ ವೈರಸ್ ಕೊಲ್ಲುವುದು ಮರಿಹುಳುಗಳನ್ನು. ಸತ್ತ ಹುಳು ನೀರು ತುಂಬಿದ ಚೀಲದಂತಾಗಿ, ತಲೆ ಎತ್ತಿಕೊಂಡು ಕಣದಲ್ಲಿ ಬಿದ್ದಿರುತ್ತದೆ. ಹಾಗಾಗಿ ರೋಗದ ಭಯವಿದ್ದವರು ನೊಣದ ಬೆನ್ನು ನೋಡುತ್ತ ಕೂರದೆ ಮರಿಯಿರುವ ಎರಿಯನ್ನು ಎತ್ತಿ ನೋಡಬೇಕು. ಮೊಟ್ಟೆ, ಮುತ್ತಿನ ಬಿಳುಪಿನ ಹುಳು, ಒತ್ತಾಗಿ ಮುಚ್ಚಿದ ಕಣ ಮೂರೂ ಇದ್ದರೆ ನೊಣಗಳು ಯಾವ ಬಣ್ಣದಲ್ಲಿದ್ದರೂ ಚಿಂತೆಯಿಲ್ಲ.

ಪೆಟ್ಟಿಗೆಯ ಹೊರಗಿನ ತವರು

ಅಷ್ಟು ದೊಡ್ಡ ಪಿಡುಗಿನ ಮೇಲೂ ತುಡುವೆ ಅಳಿಯಲಿಲ್ಲ. ರೋಗ ತಾಳಿಕೊಂಡು ಉಳಿದ ಗೂಡುಗಳಿಂದಲೇ ಮತ್ತೆ ಚಿಗುರಿತು. ಮರದ ಪೊಟರೆ, ಹುತ್ತ, ಕಲ್ಲಿನ ಸಂದು, ಹಳೆಯ ಗೋಡೆಗಳ ಟೊಳ್ಳುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕುವ ಗೂಡುಗಳೇ ನಮ್ಮ ಜೇನುಸಾಕಣೆಯ ತವರು. ಅಲ್ಲಿಂದಲೇ ಹಿಂಡು ಬರುತ್ತದೆ. ನಾವು ಮರೆಯುವ ಇನ್ನೊಂದು ಸಂಗತಿಯೆಂದರೆ, ಗಂಡುಗಳೂ ಅಲ್ಲಿಂದಲೇ ಬರುತ್ತವೆ. ನಮ್ಮ ಪೆಟ್ಟಿಗೆಯ ರಾಣಿ ಹಾರಿ ಕೂಡುವುದು ಸುತ್ತಲ ಗೂಡುಗಳ ಗಂಡುಗಳೊಡನೆ. ಸುತ್ತ ಹತ್ತಾರು ಗೂಡುಗಳಿದ್ದರೆ ಮಕ್ಕಳಲ್ಲಿ ಹತ್ತಾರು ತಂದೆಯರ ಗುಣ. ಒಂದೇ ಮೂಲದಿಂದ ಮಾಡಿದ ನಾಲ್ಕು ಪೆಟ್ಟಿಗೆ ಬಿಟ್ಟು ಬೇರೆ ಜೇನೇ ಇಲ್ಲದ ಜಾಗದಲ್ಲಿ ರಾಣಿಗೆ ಸಿಗುವವರು ಅವಳ ಒಡಹುಟ್ಟಿದವರು ಮಾತ್ರ.

ಆದ್ದರಿಂದ ಒಂದು ಪೆಟ್ಟಿಗೆಯಲ್ಲಿ ಹಳದಿ, ಕಂದು, ಕಪ್ಪು ಅಕ್ಕತಂಗಿಯರು ಒಟ್ಟಿಗೆ ದುಡಿಯುತ್ತಿದ್ದರೆ ಸಂತೋಷಪಡಲು ಕಾರಣವಿದೆ. ಆ ಊರಿನಲ್ಲಿ ಪೊಟರೆಯುಳ್ಳ ಮರಗಳು ಇನ್ನೂ ನಿಂತಿವೆ, ಅವುಗಳಲ್ಲಿ ಜೇನು ಇನ್ನೂ ಇದೆ ಎಂಬ ಸಾಕ್ಷಿಯದು. ಬಣ್ಣ ಬೇರೆಯೆಂದು ರಾಣಿಯನ್ನು ಬದಲಿಸುವುದು, ಮೈಬಣ್ಣ ಸಮನಾಗಿರುವ ಗೂಡು ಮಾತ್ರ ಒಳ್ಳೆಯದೆಂದು ದೂರದ ಊರಿಂದ ಜೇನು ತರಿಸುವುದು, ದಪ್ಪ ನೊಣಗಳೆಲ್ಲ ದಂಡವೆಂದು ಕಂಡಲ್ಲೆಲ್ಲ ಗಂಡುಮರಿಯ ಎರಿಯನ್ನು ಕತ್ತರಿಸುವುದು ಈ ಸಂಪತ್ತನ್ನು ನಾವೇ ಕೈಯಾರೆ ಕಳೆಯುವ ದಾರಿಗಳು. ನಮ್ಮ ಗೂಡಿನ ಗಂಡುಗಳು ಪಕ್ಕದೂರಿನ ಗೂಡಿಗೆ ತಂದೆಯರಾಗಬೇಕಾದವರು.

ಹೊಸದಾಗಿ ಸಾಕುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪಾಲಾಗಿ ಹೊರಬಂದ ಹಿಂಡನ್ನು ಹಿಡಿಯಿರಿ. ಪೊಟರೆಯ ಗೂಡನ್ನು ಕಡಿದು, ಹೊಗೆ ಹಾಕಿ ತೆಗೆಯಬೇಡಿ. ಎರಡನೆಯ ಪೆಟ್ಟಿಗೆಗೆ ಹಿಂಡನ್ನು ಇನ್ನೊಂದು ದಿಕ್ಕಿನಿಂದ, ಆದರೆ ನಿಮ್ಮದೇ ಸೀಮೆಯಿಂದ ತನ್ನಿ. ಕನ್ಯೆ ರಾಣಿಯಿದ್ದರೆ ಹಿಂಡು ನೆಲೆನಿಂತ ಕೂಡಲೇ ರಾಣಿಗೇಟು ತೆಗೆಯಿರಿ. ಮರ ಕಡಿಯುವ ಮಾತು ಬಂದಾಗ ಟೊಳ್ಳಾದ ಹಳೆಯ ಮರವನ್ನು ಉಳಿಸಲು ಹೇಳಿ. ನಾಟಾಕ್ಕೆ ಬಾರದ ಆ ಮರವೇ ಜೇನಿಗೆ ಬೇಕಾದದ್ದು. ತೋಟಕ್ಕೆ ಹೊಡೆಯುವ ಔಷಧಿಯನ್ನು ಹೂ ಅರಳಿದ ಹೊತ್ತಿನಲ್ಲಿ ಹೊಡೆಯಬೇಡಿ; ಅದು ನಿಮ್ಮ ಪೆಟ್ಟಿಗೆಯ ನೊಣಗಳನ್ನು ಮಾತ್ರವಲ್ಲ, ಅವಕ್ಕೆ ತಂದೆಯರನ್ನು ಕೊಡುವ ಕಾಡುಗೂಡುಗಳನ್ನೂ ಕೊಲ್ಲುತ್ತದೆ. ಒಬ್ಬರ ಪೆಟ್ಟಿಗೆ ಗಟ್ಟಿಯಾಗಿರಬೇಕಾದರೆ ಇಡೀ ಊರು ಜೇನಿಗೆ ಜಾಗ ಕೊಡಬೇಕು. ಜೇನು ಸಾಕುವುದೆಂದರೆ ಕ್ರಮೇಣ ಊರನ್ನೇ ಕಾಯುವ ಕೆಲಸವಾಗುವುದು ಹೀಗೆ.